ಮೆಕ್ಸಿಕೊದ ‘ಮೃತರ ದಿನ’ದ ಮೆರವಣಿಗೆ ಹಳೆಯ ಸಂಪ್ರದಾಯವೇ?

ಸಿನಿಮಾದಲ್ಲಿ ಕಾಣುವ, ದೈತ್ಯ ಅಸ್ಥಿಪಂಜರಗಳ ಮೆರವಣಿಗೆ ಮೆಕ್ಸಿಕೊ ನಗರದ ಪ್ರಾಚೀನ ಆಚರಣೆಯೇ ಎಂದು ಕೇಳಿದ್ದೀರಿ. ಅಲ್ಲ. 2015ರ ಜೇಮ್ಸ್ ಬಾಂಡ್ ಚಿತ್ರ ‘ಸ್ಪೆಕ್ಟರ್’ನ ಆರಂಭದ ದೃಶ್ಯಕ್ಕಾಗಿ ಕಲ್ಪಿಸಿದ ಮೆರವಣಿಗೆ ಅದು, ಚಿತ್ರ ನೋಡಿದ ಪ್ರವಾಸಿಗರು ಅದನ್ನು ಹುಡುಕಿಕೊಂಡು ಬರುತ್ತಾರೆಂಬ ನಿರೀಕ್ಷೆಯಲ್ಲಿ ಅಲ್ಲಿನ ಆಡಳಿತವು 2016ರಲ್ಲಿ ಮೊದಲ ಬಾರಿಗೆ ಅದನ್ನು ನಿಜವಾಗಿಯೇ ನಡೆಸಿತು.

ಮೂಲ ಆಚರಣೆ ನಡೆಯುವುದು ಮನೆಯೊಳಗೆ ಮತ್ತು ಸ್ಮಶಾನದಲ್ಲಿ. ನವೆಂಬರ್ 1 ಮತ್ತು 2ರ ಹೊತ್ತಿಗೆ ತೀರಿಕೊಂಡವರ ಫೋಟೊ, ಒಂದು ಲೋಟ ನೀರು, ಉಪ್ಪು, ಮೇಣದಬತ್ತಿ, ಮೇಲೆ ಮೂಳೆಯಾಕಾರದಲ್ಲಿ ಹಿಟ್ಟು ಮೆತ್ತಿ ಬೇಯಿಸಿದ ಸಿಹಿ ಬ್ರೆಡ್ಡು, ಅವರಿಗೆ ಇಷ್ಟವಾಗಿದ್ದ ತಿನಿಸು ಇಷ್ಟನ್ನೂ ‘ಒಫ್ರೆಂಡಾ’ ಎಂಬ ಪೀಠದ ಮೇಲೆ ಜೋಡಿಸುತ್ತಾರೆ. ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವ ಮನೆಯವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಬಾಗಿಲಿನಿಂದ ಪೀಠದವರೆಗೆ ಚೆಂಡುಹೂವಿನ ಎಸಳುಗಳನ್ನು ಚೆಲ್ಲಿ ದಾರಿ ಮಾಡುತ್ತಾರೆ. ಆ ಹೂವಿನ ಬಣ್ಣ ಮತ್ತು ಘಾಟು ವಾಸನೆ ಆತ್ಮಗಳನ್ನು ಮನೆಗೆ ಕರೆತರುತ್ತವೆಂಬುದು ನಂಬಿಕೆ. (ನಮ್ಮ ಆಯುಧಪೂಜೆಯ ಚೆಂಡುಹೂವಿನ ತವರೂ ಮೆಕ್ಸಿಕೊವೇ.)

2017ರ ‘ಕೋಕೊ’ ಅನಿಮೇಷನ್ ಚಿತ್ರದ ಕಥೆ ಈ ಮನೆಯ ಪೀಠವನ್ನೂ ಅದರ ಮೇಲಿನ ಫೋಟೊವನ್ನೂ ನೆಚ್ಚಿಕೊಂಡಿರುವುದರಿಂದ, ಆಚರಣೆಯ ಒಳಗನ್ನು ತಿಳಿಯಬಯಸುವವರು ಮೊದಲು ಅದನ್ನು ನೋಡುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.