ಟಿವಿಗೆ ಬಂದರೆ ಪರಿಹಾರ ಬೇಗ ಸಿಗುತ್ತದಾ?

ಟಿವಿಯಲ್ಲಿ ತೋರಿಸಿದರೆ ಮಾತ್ರ ಸರ್ಕಾರ ಏಳುತ್ತದಾ ಅಂತ ಕೇಳಿದ್ದೀರಿ. ಪೂರ್ತಿ ಹಾಗಲ್ಲ, ಆದರೆ ಸುಳ್ಳೂ ಅಲ್ಲ.

ಬೆಸ್ಲಿ, ಬರ್ಜೆಸ್ ಅನ್ನೋ ಇಬ್ಬರು ಅರ್ಥಶಾಸ್ತ್ರಜ್ಞರು ನಮ್ಮ ದೇಶದ 16 ರಾಜ್ಯಗಳ 1958ರಿಂದ 1992ರವರೆಗಿನ ಲೆಕ್ಕ ನೋಡಿದ್ದರು. ಪತ್ರಿಕೆ ಜಾಸ್ತಿ ಓಡುವ ಕಡೆ, ಬೆಳೆ ಹೋದಾಗ, ನೆರೆ ಬಂದಾಗ ಸರ್ಕಾರ ಹೆಚ್ಚು ಸ್ಪಂದಿಸುತ್ತದೆ ಅಂತ 2002ರಲ್ಲಿ ಬರೆದರು. ಅದೂ ಇಂಗ್ಲಿಷ್, ಹಿಂದಿ ಪತ್ರಿಕೆ ಅಲ್ಲ, ಆಯಾ ಊರಿನ ಭಾಷೆಯವು! ನನಗೇನೂ ಆಶ್ಚರ್ಯ ಆಗಲಿಲ್ಲ.

2018ರ ಆಗಸ್ಟ್‌ನಲ್ಲಿ ನಮ್ಮ ಕೊಡಗಿನ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜಾರಿದಾಗ ದೊಡ್ಡ ಚಾನೆಲ್‌ಗಳ ಗಮನವೆಲ್ಲ ಪಕ್ಕದ ಕೇರಳದ ಮೇಲಿತ್ತು. ಇಲ್ಲಿ ಕಾಫಿ ಗಿಡ, ಮರ, ಮಣ್ಣು ಎಲ್ಲ ಒಟ್ಟಿಗೆ ಕೆಳಗೆ ಬಂದು, ತೋಟ ಯಾವುದು ರಸ್ತೆ ಯಾವುದು ಅಂತಲೇ ಗೊತ್ತಾಗುತ್ತಿರಲಿಲ್ಲ. ಸುದ್ದಿ ಹೊರಗೆ ಹೋಗಿದ್ದು ಜಾಸ್ತಿ ವಾಟ್ಸಾಪ್ ವಿಡಿಯೊಗಳಿಂದ.

ಆದರೆ ಕ್ಯಾಮೆರಾ ತರಿಸುವುದು ಬೋಟು, ಅಕ್ಕಿ, ಮಂತ್ರಿಗಳನ್ನು. ಆಮೇಲಿನದ್ದೆಲ್ಲ ಕಾಗದದ ಕೆಲಸ. ನಮ್ಮಲ್ಲಿ ತಲೆಮಾರುಗಳಿಂದ ಕುಟುಂಬಕ್ಕೆ ಬಂದ ಜಮ್ಮಾ ಜಾಗದ ಆರ್‌ಟಿಸಿಯಲ್ಲಿ (ಪಹಣಿಯಲ್ಲಿ) ಎಷ್ಟೋ ಕಡೆ ಇನ್ನೂ ಹಳೇ ಪಟ್ಟೆದಾರರ, ಅಂದರೆ ಕುಟುಂಬದ ಹಿಂದಿನ ಯಜಮಾನರ, ಹೆಸರೇ ಇದೆ, ತೋಟ ನೋಡಿಕೊಳ್ಳುವವನ ಹೆಸರಿಲ್ಲ. ಬೆಳೆ ಪರಿಹಾರಕ್ಕೆ ಹೋದರೆ ಕೇಳೋದು ಆ ಆರ್‌ಟಿಸಿಯನ್ನೇ, ಅಲ್ವಾ? ಇದನ್ನು ಯಾವ ಚಾನೆಲ್ ತೋರಿಸುತ್ತದೆ ಹೇಳಿ.

ನಿಮ್ಮದೂ ಜಮ್ಮಾ ಜಾಗವೇ ಆದರೆ ಮಳೆಗಾಲಕ್ಕೆ ಮೊದಲೇ ತಾಲ್ಲೂಕು ಕಚೇರಿಗೆ ಒಮ್ಮೆ ಹೋಗಿ, ಪಹಣಿಯಲ್ಲಿ ಯಾರ ಹೆಸರಿದೆ ಅಂತ ನೋಡಿಕೊಂಡು ಬನ್ನಿ.