ತಪ್ಪು ಮಾಡಿದವನಿಗೆ ಶಿಕ್ಷೆಯೇ ಆಗದ ಸಿನಿಮಾಗಳಲ್ಲಿ ನಿಮಗೆ ಅತ್ಯಂತ ಇಷ್ಟವಾದದ್ದು ಯಾವುದು, ಏಕೆ?

ವುಡಿ ಅಲೆನ್ 1989ರಲ್ಲಿ ನಿರ್ದೇಶಿಸಿದ ‘ಕ್ರೈಮ್ಸ್ ಅಂಡ್ ಮಿಸ್‌ಡಿಮೀನರ್ಸ್’. ನಿಮ್ಮ ಪ್ರಶ್ನೆ ಓದಿದಾಗ ಬೇರೆ ಹೆಸರು ಹೊಳೆಯಲೇ ಇಲ್ಲ.

ನಾನು ಕಲಬುರಗಿಯ ಒಂದು ಕಣ್ಣಿನ ಆಸ್ಪತ್ರೆಯಲ್ಲಿ ರೋಗಿಗಳ ದೃಷ್ಟಿ ಪರೀಕ್ಷೆ ಮಾಡುವವಳು. ಈ ಚಿತ್ರದ ಜೂಡಾ ಕೂಡ ಕಣ್ಣಿನ ವೈದ್ಯ. ಮನೆ, ಮಾನ, ದುಡ್ಡು ಎಲ್ಲ ಇರುವವನು. ಅವನೊಂದಿಗೆ ಸಂಬಂಧವಿದ್ದ ಡೊಲೊರೆಸ್, ಎಲ್ಲವನ್ನೂ ಅವನ ಹೆಂಡತಿಗೆ ತಿಳಿಸುತ್ತೇನೆ ಎಂದು ಪಟ್ಟು ಹಿಡಿದಾಗ, ತಮ್ಮನ ಮೂಲಕ ಅವಳನ್ನು ಕೊಲ್ಲಿಸುತ್ತಾನೆ. ತನ್ನ ಗುರುತು ಹೇಳುವ ಕಾಗದಪತ್ರಗಳನ್ನು ತರಲು ಅವಳ ಮನೆಗೆ ಹೋದರೆ, ನೆಲದ ಮೇಲೆ ಬಿದ್ದವಳ ಕಣ್ಣುಗಳು ತೆರೆದೇ ಇವೆ. ಆ ಕಣ್ಣುಗಳ ಹಿಂದೆ ಏನೂ ಇರಲಿಲ್ಲ ಎಂದು ಆಮೇಲೆ ತಮ್ಮನೆದುರು ಹೇಳಿಕೊಳ್ಳುತ್ತಾನೆ. ಬೆಳಕು ಬಿಟ್ಟಾಗ ಪಾಪೆ ಕುಗ್ಗುತ್ತದೆಯೇ ಎಂದು ದಿನವಿಡೀ ನೋಡುವ ನನಗೆ ಆ ಮಾತು ಕೇಳಿ ಮೈ ಜುಮ್ಮೆಂದಿತು.

ದೇವರ ಕಣ್ಣು ಸದಾ ನಮ್ಮ ಮೇಲಿರುತ್ತದೆ ಎಂದು ಬಾಲ್ಯದಲ್ಲಿ ಅವನಿಗೆ ತಂದೆ ಹೇಳಿಕೊಟ್ಟಿದ್ದರು. ಕೊಲೆಯ ಬಳಿಕ ತಾನು ಬೆಳೆದ ಮನೆಯ ಬಾಗಿಲಲ್ಲಿ ನಿಂತ ಜೂಡಾನಿಗೆ ಹಿಂದಿನ ಒಂದು ಹಬ್ಬದೂಟ ಕಾಣಿಸುತ್ತದೆ. ಕೊಂದವನಿಗೆ ಹೇಗಾದರೂ ಶಿಕ್ಷೆ ಆಗಿಯೇ ತೀರುತ್ತದೆ ಎನ್ನುತ್ತಾರೆ ತಂದೆ. ಸಿಕ್ಕಿಬೀಳದೆ, ನೀತಿಯ ಗೊಡವೆಯನ್ನೂ ಬಿಟ್ಟವನು ಪಾರಾದಂತೆಯೇ ಎನ್ನುತ್ತಾಳೆ ಮೇ ಅತ್ತೆ.

ಸಿನಿಮಾ ಅತ್ತೆಯ ಮಾತನ್ನೇ ನಿಜ ಮಾಡುತ್ತದೆ. ಕೆಲಕಾಲ ಜೂಡಾ ನಿದ್ದೆಗೆಟ್ಟು ನರಳುತ್ತಾನೆ, ತಪ್ಪೊಪ್ಪಿಕೊಳ್ಳುವ ಹಂತಕ್ಕೂ ಹೋಗುತ್ತಾನೆ. ಒಂದು ಬೆಳಿಗ್ಗೆ ಎದ್ದು ನೋಡಿದರೆ ಆ ಭಾರವೇ ಇಲ್ಲ! ಬೇರೆ ಕೊಲೆಗಳನ್ನು ಮಾಡಿದ್ದ ಯಾರೋ ಅಲೆಮಾರಿಯ ಲೆಕ್ಕಕ್ಕೆ ಇದೂ ಸೇರಿಹೋಗಿರುತ್ತದೆ. ಇತ್ತ ಕುರುಡನಾಗುವುದು ಜೂಡಾನ ರೋಗಿ, ಯಾರಿಗೂ ಕೇಡು ಬಗೆಯದ ಧರ್ಮಗುರು ಬೆನ್. ಇದನ್ನು ನೋಡಿ ನನಗೆ ನಿಜಕ್ಕೂ ಸಿಟ್ಟು ಬಂದಿತ್ತು.

‘ಮಾಡಿದ್ದುಣ್ಣೋ ಮಹಾರಾಯ’ ಎಂದು ನಂಬಿರುವ ನಮ್ಮ ಕಾಕಾ ಈ ಚಿತ್ರವನ್ನು ಒಪ್ಪುವುದಿಲ್ಲ. ಜೂಡಾನ ಲೆಕ್ಕ ಇನ್ನೂ ಬಾಕಿ ಇದೆ ಎನ್ನುತ್ತಾರೆ. ಆ ಗಾದೆಯಿಂದ ಜೂಡಾನಂಥವರನ್ನು ತಡೆಯಲಾಗದು ಎಂಬುದು ನನ್ನ ವಾದ. 12ನೇ ಶತಮಾನದಲ್ಲಿ, ಪಕ್ಕದ ಕಲ್ಯಾಣದಲ್ಲಿದ್ದ ಬಸವಣ್ಣನವರ ‘ಕಳಬೇಡ ಕೊಲಬೇಡ’ ವಚನವನ್ನು ನೋಡಿ. ಕೊಂದರೆ ಏನಾಗುತ್ತದೆ ಎಂಬ ಬೆದರಿಕೆ ಅದರಲ್ಲಿ ಎಲ್ಲೂ ಇಲ್ಲ. ಇದೇ ಅಂತರಂಗ ಶುದ್ಧಿ, ಇದೇ ಬಹಿರಂಗ ಶುದ್ಧಿ, ದೇವರನ್ನು ಒಲಿಸುವ ಪರಿಯೂ ಇದೇ, ಅಷ್ಟೇ. ‘ಸಿಕ್ಕಿಬೀಳದಿದ್ದರೆ?’ ಎಂದು ಕೇಳಲು ಅಲ್ಲಿ ಎಡೆಯೇ ಇಲ್ಲ. ಚಿಕ್ಕಂದಿನಿಂದ ಬಾಯಿಪಾಠವಾಗಿದ್ದ ವಚನದ ಈ ಗಟ್ಟಿತನ ನನಗೆ ಕಂಡದ್ದು ಈ ಸಿನಿಮಾ ನೋಡಿದ ಮೇಲೆ.

ಚಿತ್ರದಲ್ಲಿ ಕ್ಲಿಫ್ ಎಂಬ ಸಾಕ್ಷ್ಯಚಿತ್ರಕಾರನ ಇನ್ನೊಂದು ಹಗುರವಾದ ಕಥೆಯೂ ಇದೆ. ಬೇಸರವೆನಿಸಿದರೂ ಅದನ್ನು ಹಾರಿಸಬೇಡಿ. ಕೊನೆಯ ಮದುವೆ ಮನೆಯಲ್ಲಿ ಜೂಡಾ ತನ್ನ ಅಪರಾಧವನ್ನು ಯಾರದೋ ಕಥೆಯೆಂಬಂತೆ ಹೇಳುವುದು ಈ ಕ್ಲಿಫ್‌ಗೇ, ಮತ್ತು ಇಡೀ ಚಿತ್ರದಲ್ಲಿ ಜೂಡಾನ ಪಾತ್ರ ಮಾಡಿರುವ ಮಾರ್ಟಿನ್ ಲ್ಯಾಂಡೌ ಅವರ ಅತ್ಯುತ್ತಮ ಅಭಿನಯ ಇರುವುದು ಅಲ್ಲಿಯೇ.