ಶಿರಸಿಯಿಂದ ಲಂಡನ್‌ಗೆ ಹೊರಟಿದ್ದೇವೆ. ಬೆಂಗಳೂರಿನಿಂದ ವಿಮಾನ ಹೋಗಲು ಜಾಸ್ತಿ ಹೊತ್ತು, ವಾಪಸ್ ಬರಲು ಕಡಿಮೆ ಹೊತ್ತು ಏಕೆ?

ಗಾಳಿಯೇ ಮುಖ್ಯ ಕಾರಣ. ದೂರ ಎರಡೂ ಕಡೆ ಹೆಚ್ಚುಕಡಿಮೆ ಒಂದೇ, ಸುಮಾರು 8,000 ಕಿ.ಮೀ. ಆದರೆ ವಿಮಾನ ಹಾರುವ 10-12 ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿ ಹರಿಯುತ್ತದೆ. ಅದನ್ನು ಜೆಟ್ ಸ್ಟ್ರೀಮ್ ಎನ್ನುತ್ತಾರೆ. ವಿಮಾನದ ವೇಗ ಗಂಟೆಗೆ 900 ಕಿ.ಮೀ. ಎಂದಿಟ್ಟುಕೊಳ್ಳಿ. ಹೋಗುವಾಗ ಸರಾಸರಿ 50 ಕಿ.ಮೀ. ವೇಗದ ಎದುರುಗಾಳಿ ಸಿಕ್ಕರೂ ನೆಲದ ಲೆಕ್ಕದಲ್ಲಿ ಅದು 850ಕ್ಕೆ ಇಳಿಯುತ್ತದೆ. ಬರುವಾಗ ಅದೇ ಗಾಳಿ ಹಿಂದಿನಿಂದ ತಳ್ಳಿ 950 ಆಗುತ್ತದೆ. ಅಷ್ಟಕ್ಕೇ ಒಂದು ಗಂಟೆ ವ್ಯತ್ಯಾಸ! ಚಳಿಗಾಲದಲ್ಲಿ ಈ ಗಾಳಿ ಇನ್ನೂ ಜೋರು.

ಟಿಕೆಟ್‌ನಲ್ಲಿರುವ ಸಮಯವನ್ನು ಸುಮ್ನೆ ಕಳೆದು ನೋಡಬೇಡಿ, ಅದು ಆಯಾ ಊರಿನ ಗಡಿಯಾರದ್ದು. ಲಂಡನ್ ನಮಗಿಂತ ಬೇಸಿಗೆಯಲ್ಲಿ ನಾಲ್ಕೂವರೆ, ಚಳಿಗಾಲದಲ್ಲಿ ಐದೂವರೆ ಗಂಟೆ ಹಿಂದೆ. ಮತ್ತೆ, ಶಿರಸಿಯಿಂದ ಬೆಂಗಳೂರಿಗೇ ಸುಮಾರು 400 ಕಿ.ಮೀ. ಇದೆ ಅಲ್ವಾ, ಹಿಂದಿನ ರಾತ್ರಿಯೇ ಬಸ್ಸು ಹತ್ತಿ.